ಕೆರೆಯಿಂದ ಗುಡ್ಡದವರೆಗೆ: ಯಾವ ಗಿಡ ಎಲ್ಲಿ, ಯಾಕೆ?

ಭೂಮಿಯ ಮೇಲೆ ಲಕ್ಷಾಂತರ ಬಗೆಯ ಸಸ್ಯಗಳಿವೆ. ಆದರೆ ಎಲ್ಲ ಗಿಡವೂ ಎಲ್ಲ ಕಡೆ ಬೆಳೆಯುವುದಿಲ್ಲ. ಮಳೆ, ಮಣ್ಣು, ಬಿಸಿಲು ಮೂರೂ ಸೇರಿ ಯಾವ ಗಿಡ ಎಲ್ಲಿ ಇರಬೇಕು ಎಂದು ತೀರ್ಮಾನ ಮಾಡುತ್ತವೆ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮ ಶೆಟ್ಟಿಕೆರೆ ಸುತ್ತಮುತ್ತ ನೋಡಿದರೆ ಸಾಕು.

ಮೊದಲು ಮಳೆಯ ವಿಚಾರ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳನ್ನು ಪಶ್ಚಿಮ ಘಟ್ಟಗಳು ತಡೆಯುತ್ತವೆ. ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿ ವರ್ಷವೆಲ್ಲಾ ಹಸಿರಾಗಿರುವ ದಟ್ಟ ಕಾಡಿದೆ. ಘಟ್ಟ ದಾಟಿ ನಮ್ಮ ಕಡೆ ಬರೋಷ್ಟರಲ್ಲಿ ಮೋಡದ ನೀರು ಮುಕ್ಕಾಲು ಖಾಲಿ. ನಮ್ಮಲ್ಲಿ ಸುಮಾರು 600ರಿಂದ 700 ಮಿ.ಮೀ. ಅಷ್ಟೆ. ಇನ್ನೂ ಉತ್ತರಕ್ಕೆ ಚಳ್ಳಕೆರೆ ಕಡೆ ಹೋದರೆ 500ರ ಆಸುಪಾಸು. ಅಲ್ಲಿ ಮರ ಕಡಿಮೆ, ಹುಲ್ಲು ಮತ್ತು ಮುಳ್ಳುಪೊದೆ ಜಾಸ್ತಿ.

ಆದರೆ ಒಂದೇ ಊರಿನಲ್ಲಿ ಗುಡ್ಡಕ್ಕೂ ಕೆರೆಗೂ ಹೆಚ್ಚುಕಮ್ಮಿ ಒಂದೇ ಮಳೆ ಬೀಳುತ್ತೆ ತಾನೇ? ಆದರೂ ಗಿಡಗಳು ಬೇರೆ ಬೇರೆ. ಯಾಕೆ ಗೊತ್ತಾ? ಬಿದ್ದ ನೀರು ಎಲ್ಲಿ ಓಡಿ ಹೋಗುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದೇ ಮುಖ್ಯ. ಮೇಲಿನಿಂದ ಕೆಳಕ್ಕೆ ಬರೋಣ.

1. ಗುಡ್ಡ: ಮದಲಿಂಗನ ಕಣಿವೆ ಕಡೆಯ ಗುಡ್ಡಗಳಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ನೀರು ನಿಲ್ಲೋದೇ ಇಲ್ಲ. ಇಂಥ ಕಡೆ ಕಗ್ಗಲಿ, ತುಗ್ಗಲಿ, ಬಂದ್ರೆ, ಕಾರೆ, ಕಳ್ಳಿ ಬೆಳೆಯುತ್ತವೆ. ಇವುಗಳ ಉಪಾಯ ನೋಡಿ. ಕಗ್ಗಲಿ, ತುಗ್ಗಲಿ ಎಲೆಗಳು ಪುಟಾಣಿ, ಬೇಸಿಗೆಯಲ್ಲಿ ಉದುರಿಬಿಡುತ್ತವೆ. ಬಂದ್ರೆ ಸೊಪ್ಪು ಮುಟ್ಟಿದರೆ ಅಂಟು ಅಂಟು. ಆ ಅಂಟು ಎಲೆಯ ನೀರು ಆವಿಯಾಗದಂತೆ ತಡೆಯುತ್ತದೆ. ಕಳ್ಳಿಯಂತೂ ನೀರನ್ನು ಕಾಂಡದಲ್ಲೇ ಕೂಡಿಟ್ಟುಕೊಳ್ಳುತ್ತೆ. ಎಲೆ ಮಾಡುವ ಕೆಲಸವನ್ನು ಹಸಿರು ಕಾಂಡವೇ ಮಾಡುತ್ತೆ.

2. ಹೊಲ ಮತ್ತು ಬದು: ಗುಡ್ಡದ ಕೆಳಗೆ ಕೆಂಪು ಮಣ್ಣು. ಸ್ವಲ್ಪ ದಿನ ತೇವ ಇರುತ್ತೆ. ಅದಕ್ಕೇ ಮೂರು ನಾಲ್ಕು ತಿಂಗಳಲ್ಲಿ ಮುಗಿಯುವ ರಾಗಿ, ಹೆಸರು, ಹುರುಳಿ ಬಿತ್ತುತ್ತಾರೆ. ಬದುಗಳಲ್ಲಿ ಬೇವು, ಹುಣಸೆ, ತಂಗಡಿ ಇರುತ್ತವೆ. ಬೇವು, ಹುಣಸೆಯ ತಾಯಿಬೇರು ಆಳಕ್ಕೆ ಇಳಿಯುತ್ತೆ, ಮೇಲಿನ ಮಣ್ಣು ಒಣಗಿದರೂ ಅವು ಹಸಿರಾಗಿರುತ್ತವೆ.

3. ಹಳ್ಳ: ಮಳೆಗಾಲದಲ್ಲಿ ಮಾತ್ರ ಹರಿದರೂ ಹಳ್ಳದ ಮರಳಿನ ಅಡಿಯಲ್ಲಿ ತೇವ ಉಳಿದಿರುತ್ತೆ. ಇಲ್ಲಿ ಹೊಂಗೆ, ನೇರಳೆ, ಅತ್ತಿ ಮರಗಳು ಸಾಲಾಗಿ ಕಾಣುತ್ತವೆ. ದೂರದಿಂದ ಹಸಿರು ಗೆರೆ ಕಂಡರೆ ಅಲ್ಲಿ ಹಳ್ಳ ಇದೆ ಎಂದೇ ತಿಳಿಯಬಹುದು.

4. ಕೆರೆ ಮತ್ತು ಅಚ್ಚುಕಟ್ಟು: ಮೇಲಿನ ನುಣುಪು ಮಣ್ಣೆಲ್ಲ ಕೊಚ್ಚಿಕೊಂಡು ಬಂದು ಕೆರೆಯಲ್ಲಿ ಗೋಡಾಗುತ್ತದೆ. ಗೋಡು ನೀರನ್ನು ಬಹಳ ದಿನ ಹಿಡಿದಿಡುತ್ತೆ. ನೀರಿನ ಅಂಚಿನಲ್ಲಿ ಜೊಂಡು, ಅಂಗಳದಲ್ಲಿ ಕರಿಜಾಲಿ, ಏರಿಯ ಕೆಳಗೆ ತೆಂಗು, ಅಡಿಕೆ. ಕೆರೆ ಒಣಗಿದರೆ ಬಳ್ಳಾರಿ ಜಾಲಿ ನುಗ್ಗುತ್ತೆ. ಅದು ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಭಾರತಕ್ಕೆ ತಂದರು. ದನ, ಮೇಕೆ ಅದರ ಕಾಯಿ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತವೆ.

ಈಗ ನಮ್ಮ ತೆಂಗಿನ ವಿಷಯಕ್ಕೆ ಬರೋಣ. ತಿಪಟೂರು ಕೊಬ್ಬರಿ ಅಂದರೆ ದೇಶಕ್ಕೆಲ್ಲ ಗೊತ್ತು. ನಮ್ಮ ಫೀಸು, ಬಟ್ಟೆ, ಮನೆಯ ಮದುವೆ ಎಲ್ಲಾ ಕೊಬ್ಬರಿ ದುಡ್ಡಿನಲ್ಲೇ. ಆದರೆ ತೆಂಗಿಗೆ ತಾಯಿಬೇರೇ ಇಲ್ಲ! ಬುಡದಿಂದ ಸಾವಿರಾರು ಬೇರು ಹೊರಟರೂ ಹೆಚ್ಚಿನವು ಮೇಲಿನ ನಾಲ್ಕೈದು ಅಡಿ ಮಣ್ಣಿನಲ್ಲೇ ಹರಡುತ್ತವೆ. ಕಗ್ಗಲಿ, ತುಗ್ಗಲಿಯ ಹಾಗೆ ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಿರಲು ಅದಕ್ಕೆ ಬರೋಲ್ಲ. ಬೇಸಿಗೆಯಲ್ಲಿ ಒಂದು ಮರಕ್ಕೆ ದಿನಕ್ಕೆ ಹತ್ತಾರು ಲೀಟರ್ ನೀರು ಬೇಕು. ಅಂದರೆ ಅದು ನಾಲ್ಕನೇ ಜಾಗದ ಮರ. ಬೋರ್‌ವೆಲ್ ಬಂದ ಮೇಲೆ ಅದನ್ನು ಎರಡನೇ ಜಾಗಕ್ಕೆ, ಗುಡ್ಡದ ಬುಡಕ್ಕೂ ಹತ್ತಿಸಿದರು. ಬೋರ್ ನೀರು ಇರೋವರೆಗೂ ಚೆನ್ನಾಗಿತ್ತು. 2016ರ ಸುಮಾರಿನ ಬರಗಾಲದಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಸಾವಿರಾರು ತೆಂಗಿನ ಮರ ಒಣಗಿದವು. ನಮ್ಮ ಮೇಲಿನ ತೋಟದಲ್ಲೂ ಸುಳಿ ಬಾಗಿ ಮರಗಳು ಹೋದವು. ಕೆರೆ ಕೆಳಗಿನ ತೋಟದಲ್ಲಿ ಹರಳು ಉದುರಿದರೂ ಮರ ಉಳಿದವು. ಅದೇ ವರ್ಷ ಮೇಲಿನ ಬದುವಿನ ಹುಣಸೆ ಕಾಯಿ ಬಿಟ್ಟಿತ್ತು ಎಂದು ನಮ್ಮಜ್ಜಿ ಈಗಲೂ ಹೇಳ್ತಾರೆ.

ಹಾಗಾದರೆ ತೆಂಗು ಬೇಡವೇ? ಬೇಕು. ಹುಣಸೆ, ಬೇವಿನಿಂದ ಕೊಬ್ಬರಿಯಷ್ಟು ದುಡ್ಡು ಬರೋಲ್ಲ, ನಿಜ. ಆದರೆ ಮೇಲಿನ ಹೊಲಕ್ಕೆಲ್ಲಾ ತೆಂಗನ್ನೇ ಇಟ್ಟರೆ ಬೋರ್ ನಿಂತ ದಿನ ಏನೂ ಉಳಿಯೋಲ್ಲ. ಹೊಸ ಸಸಿ ಇಡುವ ಮುಂಚೆ ಆ ಜಾಗದಲ್ಲಿ ತಾನಾಗಿ ಏನು ಹುಟ್ಟಿದೆ ನೋಡಬೇಕು. ತಂಗಡಿ, ತುಗ್ಗಲಿ ಇದ್ದರೆ ಅಲ್ಲಿ ನೀರು ನಿಲ್ಲೋಲ್ಲ ಎಂದು ಅರ್ಥ. ಅಲ್ಲಿ ಹುಣಸೆ, ಸೀತಾಫಲ, ಹೊಂಗೆ ಇಡಬಹುದು. ಕೆರೆ ಗೋಡು ಹೊಡೆಸಿದರೆ ಮಣ್ಣಿನಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತೆ.

ಗೆಳೆಯರೇ, ನಿಮ್ಮ ಹೊಲದ ಬದುವಿನಲ್ಲಿ ಯಾರೂ ನೆಡದೆ ಹುಟ್ಟಿರುವ ಮೂರು ಗಿಡಗಳ ಹೆಸರು ಬರೆದು ಕೊಡಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಜ್ಜ, ಅಜ್ಜಿಯನ್ನು ಕೇಳಿ. ಹೊಲ ಎಲ್ಲಿದೆ, ಕೆರೆ ಕಡೆಯೋ ಗುಡ್ಡದ ಕಡೆಯೋ ಅದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲಾ ಸೇರಿಸಿ ನಮ್ಮೂರಿನ ಗಿಡಗಳ ನಕ್ಷೆ ಬರೆಯೋಣ.

– 7ನೇ ತರಗತಿ