ಕುಡುಗೋಲು ಕಣಕ್ಕೆ ಕ್ರಿಸ್ಪರ್ ಮದ್ದು

ಕೆಂಪು ರಕ್ತಕಣ ದುಂಡಗಿರಬೇಕು. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ದೋಷದಿಂದ ಅದು ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ತಡೆಯಲಾಗದ ನೋವು!

ಇದಕ್ಕೆ 2023ರಲ್ಲಿ ಮೊದಲು ಬ್ರಿಟನ್, ಆಮೇಲೆ ಅಮೆರಿಕ ಒಪ್ಪಿದ ಚಿಕಿತ್ಸೆ ಕ್ಯಾಸ್‌ಜೆವಿ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರಜ್ಞಾನದಿಂದ ಬಂದ ಮೊದಲ ಔಷಧ.

ಹೇಗೆ ಕೆಲಸ ಮಾಡುತ್ತೆ? ತಾಯಿಯ ಹೊಟ್ಟೆಯಲ್ಲಿದ್ದಾಗ ನಮಗೆಲ್ಲ ಬೇರೆಯದೇ ಹಿಮೋಗ್ಲೋಬಿನ್ ಇರುತ್ತೆ. ಹುಟ್ಟಿದ ಮೇಲೆ ಬಿಸಿಎಲ್11ಎ ಅನ್ನೋ ಜೀನ್ ಅದನ್ನು ಅದುಮಿಡುತ್ತೆ. ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಲ್ಯಾಬ್‌ನಲ್ಲಿ ಆ ಜೀನಿನ ಸ್ವಿಚ್ಚನ್ನೇ ಕತ್ತರಿಸ್ತಾರೆ. ಕೀಮೋ ಕೊಟ್ಟು ಹಳೇ ಮಜ್ಜೆ ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ವಾಪಸ್ ಸೇರಿಸ್ತಾರೆ. ಭ್ರೂಣದ ಆ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತೆ, ಕಣಗಳು ಬಾಗೋದು ತಗ್ಗುತ್ತೆ.

ಬೆಲೆ? ಅಮೆರಿಕದಲ್ಲಿ 22 ಲಕ್ಷ ಡಾಲರ್! ನಮ್ಮ ಚಾಮರಾಜನಗರದ ಕಾಡಂಚಿನ ಆದಿವಾಸಿಗಳಲ್ಲೂ ಈ ಕಾಯಿಲೆ ಇದೆ. ಬೆಲೆ ಇಳಿಯದ ಹೊರತು ಈ ಚಿಕಿತ್ಸೆ ಅವರ ಕೈಗೆಟುಕಲ್ಲ.