ಕ್ರ್ಯಾಂಕ್‌ಕೇಸ್ ಸೀಲಿಂಗ್
ಎರಡು ಹೋಳುಗಳಲ್ಲಿ ಎರಕ ಹೊಯ್ದ ಎಂಜಿನ್ ಕವಚವನ್ನು, ಅಂದರೆ ಕ್ರ್ಯಾಂಕ್‌ಕೇಸನ್ನು, ದುರಸ್ತಿಯ ನಂತರ ಸೋರಿಕೆಯಾಗದಂತೆ ಮರಳಿ ಜೋಡಿಸುವುದನ್ನು ಕ್ರ್ಯಾಂಕ್‌ಕೇಸ್ ಸೀಲಿಂಗ್ ಎನ್ನಲಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿಯಂತಹ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್‌ಗಳಲ್ಲಿ ಇದು ವಿಶೇಷವಾಗಿ ನಿರ್ಣಾಯಕವಾದುದು.

ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಸಂದು ಸರಿಯಾಗಿ ಕೂರದಿದ್ದರೆ ಮುಖ್ಯವಾಗಿ ಎಣ್ಣೆ ಜಿನುಗುತ್ತದೆ; ನೆಲದ ಮೇಲಿನ ಕಲೆಯೇ ದೋಷವನ್ನು ತಿಳಿಸುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಕವಚವು ಪಂಪಿನಂತೆಯೂ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರುವಾಗ ಕವಚದೊಳಗಿನ ಒತ್ತಡ ಕುಸಿದು, ಕಾರ್ಬ್ಯುರೇಟರಿನಿಂದ ಗಾಳಿ, ಪೆಟ್ರೋಲ್ ಮತ್ತು ಎಣ್ಣೆಯ ಮಿಶ್ರಣ ಒಳಬರುತ್ತದೆ. ಸಂದಿನ ಮೂಲಕ ಬರಿಯ ಗಾಳಿಯೂ ನುಗ್ಗಿದರೆ ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಲೂಬಹುದು. ಹೊರಗೆ ಯಾವ ಗುರುತೂ ಕಾಣದಿರುವುದೇ ಇದರ ಅಪಾಯ.

ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಅಲ್ಯೂಮಿನಿಯಂ ಮೆದುವಾದ ಲೋಹವಾದ್ದರಿಂದ ಅಂಚಿನ ಮೇಲೆ ಬಿದ್ದ ಗೀರು ಸೋರಿಕೆಯ ದಾರಿಯಾಗುತ್ತದೆ. ತಯಾರಕರು ಕಾಗದದ ಗ್ಯಾಸ್ಕೆಟ್ ಸೂಚಿಸಿದ್ದಲ್ಲಿ ಅದೇ ದಪ್ಪದ್ದನ್ನೇ ಬಳಸಬೇಕು. ದಪ್ಪ ವ್ಯತ್ಯಾಸವಾದರೆ ಒಳಗಿನ ಶಾಫ್ಟುಗಳು ಅಕ್ಕಪಕ್ಕಕ್ಕೆ ಸರಿದಾಡುವ ಅಂತರವೂ ಬದಲಾಗುತ್ತದೆ. ಗ್ಯಾಸ್ಕೆಟ್ ಇಲ್ಲದ ವಿನ್ಯಾಸಗಳಲ್ಲಿ ದ್ರವರೂಪದ ಸೀಲಂಟನ್ನು ತೆಳುವಾಗಿ ಸವರುತ್ತಾರೆ. ಸಾಮಾನ್ಯ ಸಿಲಿಕೋನ್ ಪೆಟ್ರೋಲ್ ತಗುಲಿದರೆ ಉಬ್ಬುವುದರಿಂದ ಇಲ್ಲಿಗೆ ಸೂಕ್ತವಲ್ಲ. ಹೆಚ್ಚು ಹಚ್ಚಿದಷ್ಟೂ ಭದ್ರ ಎಂಬ ನಂಬಿಕೆಯೂ ತಪ್ಪು: ಒಳಕ್ಕೆ ಹಿಂಡಿಬಂದ ಸೀಲಂಟ್ ಕಳಚಿ ಎಣ್ಣೆಯ ರಂಧ್ರಗಳನ್ನು ಮುಚ್ಚಬಹುದು.

ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು. ಬಳಿಕ ಟೂ-ಸ್ಟ್ರೋಕ್ ಎಂಜಿನ್ನಿನ ತೆರಪುಗಳನ್ನೆಲ್ಲ ಮುಚ್ಚಿ, ಅಲ್ಪ ಒತ್ತಡದ ಗಾಳಿ ತುಂಬಿ, ಸಂದಿಗೆ ಸಾಬೂನು ನೀರು ಸವರಿದರೆ ಸೋರುವೆಡೆ ಗುಳ್ಳೆಗಳೇಳುತ್ತವೆ. ಗುಳ್ಳೆ ಕಾಣದೆಯೂ ಒತ್ತಡ ಇಳಿಯುತ್ತಿದ್ದರೆ ಕ್ರ್ಯಾಂಕ್‌ಶಾಫ್ಟಿನ ಎರಡು ತುದಿಗಳ ರಬ್ಬರ್ ಸೀಲುಗಳನ್ನು ಪರೀಕ್ಷಿಸಬೇಕಾಗುತ್ತದೆ.