ಚಿತ್ರದಲ್ಲಿ ಕಾಣದ ಕೈ

ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಕೂಸಿಗೆ ಇನ್ನೂ ಎಂಟು ದಿನ. ನೋಡಲು ಬಂದ ಅಳಿಯ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಾನೆ. ಯಾರದೋ ಹಸುಗೂಸು, ಎರಡೂ ಅಂಗೈಗಳ ಮೇಲೆ ಗಲ್ಲ ಊರಿ, ಮೊಣಕೈಯನ್ನು ಮೆತ್ತೆಗೆ ಕೊಟ್ಟು, ಕಣ್ಣು ಮುಚ್ಚಿ ಕಪ್ಪೆಯಂತೆ ಕುಳಿತಿದೆ. ‘ನಮ್ಮ ಪಾಪುಗೂ ಹೀಗೇ ತೆಗೆಸೋಣ ಅಜ್ಜಿ’ ಎನ್ನುತ್ತಾನೆ. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ದಿಟ್ಟಿಸುತ್ತಾರೆ. ‘ಅಲ್ಲಪ್ಪಾ, ಕತ್ತೇ ನಿಲ್ಲದ ಕೂಸು ಹಾಗೆ ಹೇಗೆ ಕೂತ್ಕೊಳ್ತು?’

ಅಳಿಯನ ಬಳಿ ಉತ್ತರವಿಲ್ಲ. ಆದರೆ ನವಜಾತ ಶಿಶುವಿನ ಚಿತ್ರ ತೆಗೆಸಲು ಹೊರಟ ಪ್ರತಿಯೊಬ್ಬ ತಂದೆ ತಾಯಿ ಛಾಯಾಗ್ರಾಹಕರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಮಗುವಿನ ಚಿತ್ರ ತೆಗೆಸುವ ಆಸೆ ಹೊಸದಲ್ಲ. ನಾಮಕರಣದ ದಿನ ಸ್ಟುಡಿಯೋದವರನ್ನು ಮನೆಗೆ ಕರೆಸಿ ತೊಟ್ಟಿಲ ಸುತ್ತ ನಿಂತು ಫೋಟೋ ತೆಗೆಸಿಕೊಂಡ ಕುಟುಂಬಗಳು ನಮ್ಮಲ್ಲಿ ಸಾವಿರಾರು. ಈಗ ನವಜಾತ ಶಿಶುಗಳ ಛಾಯಾಗ್ರಹಣವೇ ಒಂದು ಪ್ರತ್ಯೇಕ ವೃತ್ತಿಯಾಗಿದೆ. ಹೂವಿನ ಕುಂಡದಲ್ಲಿ, ಎಲೆಗಳ ನಡುವೆ ಮಲಗಿದ ಮಕ್ಕಳ ಚಿತ್ರಗಳಿಂದ ಜಗತ್ತಿನಾದ್ಯಂತ ಹೆಸರಾದವರು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಆನ್ ಗೆಡ್ಡೆಸ್. 1996ರಲ್ಲಿ ಅವರ ‘ಡೌನ್ ಇನ್ ದ ಗಾರ್ಡನ್’ ಪುಸ್ತಕ ಹೊರಬಂತು. ಅಂಥ ಚಿತ್ರ ತಮ್ಮ ಮನೆಯ ಗೋಡೆಯ ಮೇಲೂ ಇರಲಿ ಎಂಬ ಆಸೆ ಸಹಜ. ಆದರೆ ಎಂಟು ದಿನದ ಕೂಸು ‘ಬೇಡ’ ಎನ್ನಲಾರದು. ಅದರ ಪರವಾಗಿ ಯೋಚಿಸಬೇಕಾದವರು ದೊಡ್ಡವರೇ.

ಎರಡು ಚಿತ್ರ ಸೇರಿ ಒಂದು

ಅಜ್ಜಿಯ ಸಂಶಯ ನಿಜ. ಆ ಕೂಸು ತಾನಾಗಿ ಹಾಗೆ ಕುಳಿತಿರಲಿಲ್ಲ. ಶಿಶುವಿನ ತಲೆಯೇ ಅದರ ಒಟ್ಟು ಉದ್ದದ ಸುಮಾರು ಕಾಲು ಭಾಗ. ಕತ್ತಿನ ಸ್ನಾಯುಗಳಿಗೆ ಆ ಭಾರ ಹೊರುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಬಲ್ಲ ಛಾಯಾಗ್ರಾಹಕರು ಎರಡು ಚಿತ್ರ ತೆಗೆಯುತ್ತಾರೆ. ಒಂದರಲ್ಲಿ ಸಹಾಯಕರೋ ತಾಯಿಯೋ ತಲೆಯನ್ನು ಮೇಲಿನಿಂದ ಹಿಡಿದಿರುತ್ತಾರೆ. ಇನ್ನೊಂದರಲ್ಲಿ ಮಣಿಕಟ್ಟುಗಳನ್ನು ಹಿಡಿದಿರುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಜೋಡಿಸಿ ಹಿಡಿದ ಕೈಗಳನ್ನು ಅಳಿಸುತ್ತಾರೆ. ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲಿ ತೂಗುವ ಮಗುವಿನ ಚಿತ್ರವೂ ಹೀಗೆಯೇ: ಮಗು ಮಲಗಿದ್ದು ಮೆತ್ತೆಯ ಮೇಲೆ, ಕೊಂಬೆ ಬೇರೆ ಚಿತ್ರದ್ದು.

ಇದು ಹೊಸ ಉಪಾಯವೂ ಅಲ್ಲ. ಡಾಗೇರ್‌ನ ಛಾಯಾಚಿತ್ರ ವಿಧಾನ ಪ್ರಕಟವಾದದ್ದು 1839ರಲ್ಲಿ. ಆ ಕಾಲದ ಕ್ಯಾಮೆರಾಗಳಿಗೆ ಒಂದು ಚಿತ್ರ ಮೂಡಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಷ್ಟು ಹೊತ್ತು ಮಗು ಅಲುಗಾಡದೆ ಇರಬೇಕಲ್ಲ? ಯೂರೋಪ್, ಅಮೆರಿಕಗಳ ಸ್ಟುಡಿಯೋಗಳಲ್ಲಿ ತಾಯಿಯ ಮೇಲೆ ಬಟ್ಟೆ ಹೊದಿಸಿ ಕುರ್ಚಿಯಂತೆ ಕೂರಿಸಿ, ಅವಳ ಮಡಿಲಲ್ಲಿ ಮಗುವನ್ನಿಟ್ಟು ಚಿತ್ರ ತೆಗೆಯುತ್ತಿದ್ದರು. ಅಂದು ಬಟ್ಟೆಯ ಮರೆ, ಇಂದು ಕಂಪ್ಯೂಟರಿನ ಮರೆ. ಎರಡು ಕಾಲದಲ್ಲೂ ಮಗುವನ್ನು ಹಿಡಿದ ಕೈಯೊಂದು ಇದ್ದೇ ಇತ್ತು.

ಅಪಾಯವಿರುವುದು ಈ ಗುಟ್ಟು ತಿಳಿಯದವರು ಚಿತ್ರವನ್ನಷ್ಟೇ ನೋಡಿ ಅದನ್ನು ಅನುಕರಿಸಲು ಹೊರಟಾಗ. ಅವರು ವೃತ್ತಿಗೆ ಹೊಸಬರಾದ ಛಾಯಾಗ್ರಾಹಕರಿರಬಹುದು, ಮೊಬೈಲ್ ಹಿಡಿದ ಚಿಕ್ಕಪ್ಪನೂ ಇರಬಹುದು.

ಉಸಿರಿನ ದಾರಿ

ನವಜಾತ ಶಿಶುವಿನ ಶ್ವಾಸನಾಳದ ಒಳ ಅಗಲ ಸುಮಾರು 4 ಮಿಲಿಮೀಟರ್ ಮಾತ್ರ. ಕೊಳವೆಯಲ್ಲಿ ಗಾಳಿ ಸರಾಗವಾಗಿ ಹರಿಯುವಾಗ ಅದಕ್ಕೆ ಎದುರಾಗುವ ಪ್ರತಿರೋಧವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಅಂದರೆ ಕೊಳವೆಯ ಅಗಲ ಅರ್ಧವಾದರೆ ಪ್ರತಿರೋಧ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ! ದೊಡ್ಡವರಿಗೆ ಲೆಕ್ಕಕ್ಕೇ ಬಾರದ ಅಡಚಣೆ ಕೂಸಿಗೆ ಉಸಿರು ಕಟ್ಟಿಸಬಹುದು. ಗಲ್ಲ ಎದೆಗೆ ತಗಲುವಂತೆ ಕತ್ತು ಬಗ್ಗಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಬುಟ್ಟಿಯಲ್ಲಿ ಮುದುಡಿ ಕೂರಿಸಿದಾಗ ಗಮನಿಸಬೇಕಾದದ್ದು ಇದನ್ನೇ. ಕೈಕಾಲಿನ ಬೆರಳು ನೀಲಿ ಅಥವಾ ಕಡುಗೆಂಪಿಗೆ ತಿರುಗಿದರೆ ಆ ಭಂಗಿಯನ್ನು ಕೂಡಲೇ ಬಿಡಿಸಬೇಕು. ತುಟಿ ನೀಲಿಯಾದರಂತೂ ವೈದ್ಯರ ಬಳಿಗೆ ಓಡಬೇಕು.

ಬಿಸುಪು, ಬೆಳಕು, ಕೆಮ್ಮು

ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರದ್ದಕ್ಕಿಂತ ಹೆಚ್ಚು. ಹಾಗಾಗಿ ಮೈಯ ಶಾಖ ಬೇಗ ಸೋರಿಹೋಗುತ್ತದೆ. ಚಳಿಯಾದರೆ ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳುವುದೂ ಅದಕ್ಕೆ ಬಾರದು. ಬೆನ್ನು ಭುಜಗಳ ಬಳಿ ಇರುವ ‘ಕಂದು ಕೊಬ್ಬ’ನ್ನು ಉರಿಸಿ ಬಿಸಿಯಾಗಬೇಕು. ಆದ್ದರಿಂದ ಬಟ್ಟೆ ಬಿಚ್ಚಿ ಚಿತ್ರ ತೆಗೆಯುವ ಕೋಣೆ ಬೆಚ್ಚಗಿರಬೇಕು, ಫ್ಯಾನು ನಿಂತಿರಬೇಕು. ಹಾಗೆಂದು ಹೀಟರನ್ನು ಮಗುವಿನ ಮುಖಕ್ಕೇ ತಿರುಗಿಸುವುದೂ ತಪ್ಪು. ಶಿಶುವಿನ ಮೈಯ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅತಿ ಬಿಸಿಯೂ ಅಪಾಯವೇ.

ಫ್ಲಾಷ್ ಬೆಳಕಿನಿಂದ ಕಣ್ಣು ಹೋಗುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಸಾಮಾನ್ಯ ಕ್ಯಾಮೆರಾದ ಕ್ಷಣಕಾಲದ ಫ್ಲಾಷ್ ದೃಷ್ಟಿಯನ್ನು ಕೆಡಿಸುವುದಿಲ್ಲ. ಆದರೆ ತೀರಾ ಹತ್ತಿರದಲ್ಲಿ ಮಿಂಚಿದರೆ ನಿದ್ದೆ ಕೆಡುತ್ತದೆ, ಮಗು ಬೆಚ್ಚಿ ಎರಡೂ ತೋಳು ಚಾಚುತ್ತದೆ. ಈ ಬೆಚ್ಚುವಿಕೆ ಒಂದು ಪರಾವರ್ತಿತ ಪ್ರತಿಕ್ರಿಯೆ. ಎತ್ತರದ ಸ್ಟೂಲಿನ ಮೇಲೋ ಅಂಚಿನಲ್ಲೋ ಮಲಗಿಸಿದ್ದರೆ ಉರುಳಿ ಬೀಳಲು ಅದೊಂದೇ ಸಾಕು. ಕಿಟಕಿಯಿಂದ ಓರೆಯಾಗಿ ಬೀಳುವ ಮೃದು ಬೆಳಕು ಚಿತ್ರಕ್ಕೂ ಚೆನ್ನ, ಕೂಸಿಗೂ ಹಿತ.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವ ಸಂಗತಿ ಸೋಂಕು. ನಮ್ಮ ದೇಶದ ಲಸಿಕೆ ವೇಳಾಪಟ್ಟಿಯಂತೆ ಹುಟ್ಟಿದಾಗ ಬಿಸಿಜಿ, ಪೋಲಿಯೋ, ಹೆಪಟೈಟಿಸ್-ಬಿ ಲಸಿಕೆಗಳು ಸಿಗುತ್ತವೆ. ನಾಯಿಕೆಮ್ಮಿನ ವಿರುದ್ಧದ ಮೊದಲ ಚುಚ್ಚುಮದ್ದು ಆರನೆಯ ವಾರಕ್ಕೆ. ಎಂಟು ದಿನದ ಮಗುವಿಗೆ ತನ್ನದೇ ಆದ ಆ ರಕ್ಷಣೆ ಇರುವುದಿಲ್ಲ. ಕೆಮ್ಮು ನೆಗಡಿ ಇರುವ ಛಾಯಾಗ್ರಾಹಕ ಎಷ್ಟೇ ಹೆಸರಾಂತನಾಗಿದ್ದರೂ ಅಂದು ಬರಬಾರದು. ಒಂದು ಮಗುವಿಗೆ ಹೊದಿಸಿದ ಬಟ್ಟೆ, ತೊಡಿಸಿದ ಟೋಪಿ ಒಗೆಯದೆ ಇನ್ನೊಂದು ಮಗುವಿಗೆ ಬಳಸಬಾರದು.

ಗೊತ್ತುಮಾಡುವ ಮುನ್ನ

ಛಾಯಾಗ್ರಾಹಕರ ಆಲ್ಬಮ್ ನೋಡುವುದು ಸರಿಯೇ. ಅದರ ಜೊತೆಗೆ ಅವರು ಕೆಲಸ ಮಾಡುವ ರೀತಿಯನ್ನೂ ವಿಚಾರಿಸಬೇಕು. ಈ ಭಂಗಿಯಲ್ಲಿ ಮಗುವನ್ನು ಹಿಡಿದವರು ಯಾರು? ಶಿಶುವನ್ನು ಎತ್ತಿ ಮಲಗಿಸುವುದನ್ನು ನೀವು ಎಲ್ಲಿ, ಯಾರಿಂದ ಕಲಿತಿರಿ? ಇಡೀ ಹೊತ್ತು ತಾಯಿ ಪಕ್ಕದಲ್ಲೇ ಇರಬಹುದೇ? ಮಗು ಅತ್ತರೆ, ಹಾಲಿಗೆ ಹಂಬಲಿಸಿದರೆ ಏನು ಮಾಡುತ್ತೀರಿ? ‘ಅತ್ತರೆ ನಿಲ್ಲಿಸುತ್ತೇವೆ, ಬೇಕಾದರೆ ಇನ್ನೊಂದು ದಿನ ಬರುತ್ತೇವೆ’ ಎನ್ನುವವರನ್ನು ಒಪ್ಪಬಹುದು. ‘ಅದೆಲ್ಲ ನಮಗೆ ಬಿಡಿ’ ಎನ್ನುವವರನ್ನು ಬಿಡುವುದೇ ಒಳಿತು.

ಹುಟ್ಟಿದ ಐದರಿಂದ ಹದಿನಾಲ್ಕು ದಿನಗಳೊಳಗೆ ಮಗು ಹೆಚ್ಚು ನಿದ್ರಿಸುತ್ತದೆ, ಗರ್ಭದಲ್ಲಿದ್ದಂತೆ ಮುದುಡಿರುತ್ತದೆ ಎಂದು ಛಾಯಾಗ್ರಾಹಕರು ಆ ಅವಧಿಯನ್ನು ಬಯಸುತ್ತಾರೆ. ಆದರೆ ಅದು ತಪ್ಪಿದರೆ ಏನೂ ಕೆಡುವುದಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ, ತೂಕ ಕಡಿಮೆ ಇದ್ದರೆ, ವೈದ್ಯರ ಒಪ್ಪಿಗೆ ಸಿಗುವವರೆಗೆ ಕಾಯಬೇಕು. ಮೊದಲ ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಶಿಶುಗಳಲ್ಲಿ ಕಾಮಾಲೆ ಕಾಣಿಸುತ್ತದೆ. ಚಿತ್ರದಲ್ಲಿನ ಹಳದಿಯನ್ನು ಕಂಪ್ಯೂಟರ್ ಅಳಿಸೀತು, ಮೈಯಲ್ಲಿರುವುದನ್ನು ವೈದ್ಯರೇ ನೋಡಬೇಕು.

ಚಿತ್ರದ ಹಕ್ಕಿನ ಮಾತೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರು. ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ. ಆದ್ದರಿಂದ ರುಜು ಹಾಕುವ ಮುನ್ನ ಕಾಗದ ಓದಬೇಕು. ಮಗುವಿನ ಚಿತ್ರವನ್ನು ಜಾಹೀರಾತಿಗೆ ಬಳಸುವ ಅನುಮತಿ ಅದರಲ್ಲಿ ಅಡಗಿರಬಹುದು. ಮನೆಯವರು ಕೂಡ ಹೆಸರು, ಹುಟ್ಟಿದ ದಿನಾಂಕ, ಆಸ್ಪತ್ರೆಯ ವಿವರಗಳೊಡನೆ ಚಿತ್ರವನ್ನು ಊರಿಗೆಲ್ಲ ಹಂಚದಿರುವುದು ಮೇಲು. ತಮ್ಮ ತಂಗಿಯರ ಚಿತ್ರ ಕಳಿಸುವ ಉತ್ಸಾಹದಲ್ಲಿರುವ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯ.

ಇಷ್ಟೆಲ್ಲ ತಿಳಿದ ಮೇಲೆ ಅಳಿಯನಿಗೆ ಇನ್ನೊಂದು ದಾರಿಯೂ ಕಾಣುತ್ತದೆ. ಕೈಯನ್ನು ಅಳಿಸಲೇಬೇಕೆಂಬ ನಿಯಮವೇನಿಲ್ಲ. ಕಿಟಕಿಯ ಬಳಿ ಅಜ್ಜಿ ಕುಳಿತು, ಸುಕ್ಕುಗಟ್ಟಿದ ಅಂಗೈಯಲ್ಲಿ ಕೂಸಿನ ತಲೆ ಹಿಡಿದ ಚಿತ್ರಕ್ಕೆ ಬುಟ್ಟಿಯೂ ಬೇಡ, ಕೊಂಬೆಯೂ ಬೇಡ. ಇಪ್ಪತ್ತು ವರ್ಷಗಳ ನಂತರ ಆಲ್ಬಮ್ ತೆರೆದಾಗ ಆ ಮಗು ಬಹುಶಃ ಹುಡುಕುವುದು ಆ ಕೈಯನ್ನೇ.